ಸೂರಿನಡಿಯ ಮುರಕಲ್ಲು

ಕಾಸರಗೋಡು ಸೀಮೆಯ ಹಳೆಯ ಮಣ್ಣಿನ ಮನೆಗಳನ್ನು ಕುರಿತು ಬರೆಯುವವರ ಕಣ್ಣು ಸಾಮಾನ್ಯವಾಗಿ ಕೆತ್ತನೆಯ ಕಂಬ, ಮುಚ್ಚಿಗೆಗಳ ಮೇಲೆ ನಿಲ್ಲುತ್ತದೆ. ಪಂಚಾಂಗದ ಬುಡದಲ್ಲಿ, ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ಹಾಸಿದ ಮುರಕಲ್ಲಿನ ಸಾಲು ಅವರ ಗಮನಕ್ಕೆ ಬಂದದ್ದು ಕಡಿಮೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ನೆಲದಲ್ಲಿ ಗೋಡೆಯ ಆಯುಷ್ಯ ನಿರ್ಧಾರವಾಗುತ್ತಿದ್ದುದು ಮಾತ್ರ ಅಲ್ಲಿಯೇ.

ದಂಬೆಯಿಲ್ಲದ ಮಾಡಿನಿಂದ ಇಳಿಯುವ ನೀರು ಒಂದೇ ಗೆರೆಯಲ್ಲಿ ಬಿದ್ದು ಮಣ್ಣನ್ನು ಕೊರೆಯುತ್ತದೆ. ಸಿಡಿದ ಕೆಸರು ಗೋಡೆಯ ಬುಡವನ್ನು ನೆನೆಸುತ್ತದೆ. ಕಲ್ಲುಹಾಸು ಆ ಪೆಟ್ಟನ್ನು ತಾನು ತಿಂದು, ಹೊರಮುಖದ ಇಳುಕಲಿನಿಂದ ನೀರನ್ನು ಕಣಿಗೆ ದಾಟಿಸುತ್ತದೆ. ಮಣ್ಣಿನ ಗೋಡೆ, ಸಗಣಿಯ ನೆಲಗಳಿಗೆ ಮತ್ತೆ ಮತ್ತೆ ಸಾರಣೆ ಬೇಕು. ಕಲ್ಲಿಗೆ ಬೇಕಾದದ್ದು ಮಳೆ ಮುಗಿದ ಮೇಲೆ ಹೂಳು ಕೆರೆಯುವ ಒಂದು ದಿನದ ಕೆಲಸ. (ಆಟಿಯ ಹಾವಸೆಯ ಮೇಲೆ ಜಾರುವ ಭಯ ಬೇರೆ ಮಾತು.)

ನೆಲದೊಳಗೆ ಮೆದುವಾಗಿದ್ದು ಕೊಡಲಿಯ ಅಲಗಿಗೆ ಸಿಗುವ ಈ ಕಲ್ಲು ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಫ್ರಾನ್ಸಿಸ್ ಬುಕಾನನ್‌ನನ್ನು ಬೆರಗುಗೊಳಿಸಿದ್ದು ಈ ಗುಣವೇ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ ಆತ ಇದನ್ನು 'ಲ್ಯಾಟರೈಟ್' ಎಂದು ಕರೆದ; ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಭೂವಿಜ್ಞಾನದ ಚರಿತ್ರೆಗಳು ಇಷ್ಟನ್ನು ಹೇಳಿ ಮುಂದೆ ಹೋಗುತ್ತವೆ. ಅಂಗಾಡಿಪುರದಲ್ಲಿ 1979ರಲ್ಲಿ ನಿಂತ ಸ್ಮಾರಕವೂ ನಾಮಕರಣ ಮಾಡಿದವನನ್ನೇ ನೆನೆಯುತ್ತದೆ. ಆದರೆ ದೇಶಭಾಷೆಗಳಲ್ಲಿ ಹಲವು ಇದನ್ನು 'ಇಟಿಕಕಲ್ಲು' ಎನ್ನುತ್ತವೆ ಎಂದು ಬುಕಾನನ್ ತಾನೇ ದಾಖಲಿಸಿದ್ದಾನೆ. ಹಾಗೆ ನೋಡಿದರೆ ವಿಜ್ಞಾನದ ಪದವು ಇಲ್ಲಿಯ ಮಾತಿನ ಅನುವಾದದಂತೆಯೇ ಇದೆ. ಅದು ಕನ್ನಡದ್ದೋ ಮಲೆಯಾಳದ್ದೋ ಎಂಬ ಜಗಳಕ್ಕೆ ಆಧಾರವಿಲ್ಲ. 'ಹಲವು ಭಾಷೆಗಳು' ಎಂಬ ಅವನ ಮಾತೇ ಸಾಕು. ಇಂದಿಗೂ ಒಂದೇ ಕಲ್ಲು ಗಡಿಯುದ್ದಕ್ಕೂ ಮುರಕಲ್ಲು, ಕೆಂಪುಕಲ್ಲು, ಚೆಂಗಲ್ಲು, ವೆಟ್ಟುಕಲ್ಲು. ಉತ್ತರಕ್ಕೆ ಹೋದರೆ ಜಂಬಿಟ್ಟಿಗೆ.

ಕೆಳದಿಯವರ ಕಾಲದ ಬೇಕಲ ಕೋಟೆಯದ್ದೂ ಇದೇ ಕಲ್ಲು. ಕೋಟೆಗೆ ಸಂರಕ್ಷಣೆಯ ಕಾನೂನಿದೆ, ಸೂರಿನಡಿಯ ಸಾಲಿಗಿಲ್ಲ. ಅದನ್ನು ಕಿತ್ತು ಗೋಡೆಗೆ ತಾಗುವವರೆಗೆ ಸಿಮೆಂಟು ಹಾಕಿದ ಮನೆಗಳಲ್ಲಿ, ನೆಲದಿಂದ ಆರಿಹೋಗಬೇಕಾದ ತೇವ ದಾರಿ ಕಾಣದೆ ಮಣ್ಣಿನ ಗೋಡೆಯನ್ನೇ ಏರುತ್ತದೆ. ಸಾರಣೆ ಬುಡದಿಂದ ಉದುರತೊಡಗುತ್ತದೆ.