ಸಮುವೇಲ: ಕೇಳಿ ಪಡೆದ ಹೆಸರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವುದು ಬಹುಕಾಲದ ವಾಡಿಕೆ. ಆದುದರಿಂದ ಇಲ್ಲಿಯ ಕ್ರೈಸ್ತ ಮನೆತನಗಳಲ್ಲಿ ಸಮುವೇಲ ಎಂಬ ಇಬ್ರಿಯ ಹೆಸರಿನ ಪಕ್ಕದಲ್ಲಿ ಕನ್ನಡದ ಊರೊಂದು ಬಂದು ನಿಲ್ಲುತ್ತದೆ. ಊರಿನ ಅರ್ಥವನ್ನು ಹಿರಿಯರು ಹೇಳಿಯಾರು. ಹೆಸರಿನ ಅರ್ಥವನ್ನು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಸತ್ಯವೇದವು ಕನ್ನಡದಲ್ಲಿ ಸಂಪೂರ್ಣವಾಗಿ ಅಚ್ಚಾದುದು 1831ರಲ್ಲಿ, ಬಳ್ಳಾರಿಯಲ್ಲಿ. ಬಾಸೆಲ್ ಮಿಷನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. 1997ರವರೆಗೆ ಹಾವೇರಿಯೂ ಧಾರವಾಡ ಜಿಲ್ಲೆಗೇ ಸೇರಿತ್ತು. ಸತ್ಯವೇದದೊಡನೆ ಅದರೊಳಗಿನ ಹೆಸರುಗಳೂ ನಮ್ಮ ಮನೆಗಳನ್ನು ಹೊಕ್ಕವು.

ಇಬ್ರಿಯ ಮೂಲದಲ್ಲಿ ಈ ಹೆಸರು ‘ಶ್ಮೂಏಲ್’. ಗ್ರೀಕಿನಲ್ಲಿ ‘ಶ’ಕಾರವಿಲ್ಲದ ಕಾರಣ ಅಲ್ಲಿ ಅದು ‘ಸ’ ಆಯಿತು. ಕನ್ನಡದಲ್ಲಿ ‘ಶ’ ಇದ್ದರೂ ನಮಗೆ ಬಂದುದು ‘ಸಮುವೇಲ’ನೇ. ‘ಶೇಮ್’ ಎಂದರೆ ಹೆಸರು, ‘ಏಲ್’ ಎಂದರೆ ದೇವರು. ಆದುದರಿಂದ ‘ದೇವರ ಹೆಸರು’ ಅಥವಾ ‘ಆತನ ಹೆಸರು ಏಲ್’ ಎಂದು ಪಂಡಿತರು ಅರ್ಥ ಹೇಳುತ್ತಾರೆ.

ಆದರೆ ತಾಯಿಯಾದ ಹನ್ನಳು ಕೊಟ್ಟ ಕಾರಣ ಬೇರೆ. ದೇವರಲ್ಲಿ ಬೇಡಿ ಪಡೆದುದರಿಂದ ಮಗುವಿಗೆ ಆ ಹೆಸರಿಟ್ಟೆನೆಂದು ಆಕೆ ಹೇಳುತ್ತಾಳೆ. ಬೇಡು ಎಂಬುದಕ್ಕೆ ಇಬ್ರಿಯ ಪದ ‘ಶಾಅಲ್’. ವ್ಯಾಕರಣದಂತೆ ಅದರಿಂದ ಹುಟ್ಟುವ ಹೆಸರು ಸೌಲನದು (ಮೂಲದಲ್ಲಿ ‘ಶಾಊಲ್’), ಸಮುವೇಲನದಲ್ಲ. ಈ ಹೆಸರಿನಲ್ಲಿ ‘ಶಮಾ’, ಅಂದರೆ ಆಲಿಸು, ಎಂಬ ಪದದ ದನಿಯನ್ನು ಕೇಳಿದವರೂ ಉಂಟು. ಆದರೆ ನಿಜವಾಗಿ ಆ ಧಾತುವಿರುವುದು ಇಷ್ಮಾಯೇಲನ ಹೆಸರಿನಲ್ಲಿ. ಹನ್ನಳದು ಪದಶಾಸ್ತ್ರವಲ್ಲ, ತಾಯಿಯ ಸಾಕ್ಷ್ಯ.

ಇಬ್ರಿಯದಲ್ಲಿ ಬೇಡುವುದಕ್ಕೂ ಆಲಿಸುವುದಕ್ಕೂ ಬೇರೆ ಬೇರೆ ಪದಗಳು. ನಮ್ಮ ಭಾಷೆಯಲ್ಲಿ ಎರಡಕ್ಕೂ ‘ಕೇಳು’ ಎಂಬ ಒಂದೇ ಮಾತು. ಹನ್ನಳು ಮಗನನ್ನು ಕೇಳಿದಳು. ದೇವರು ಆಕೆಯ ಮೊರೆಯನ್ನು ಕೇಳಿದನು. ಮುಂದೆ ಶೀಲೋವಿನಲ್ಲಿ, ರಾತ್ರಿಯ ವೇಳೆ, ಆ ಬಾಲಕನು ದೇವರ ಕರೆಯನ್ನು ಕೇಳಿದನು. ಸಮುವೇಲನ ಕಥೆಯೆಲ್ಲವೂ ಈ ಒಂದು ಕ್ರಿಯಾಪದದಲ್ಲಿ ಅಡಗಿದೆ.

ಹರಕೆ ಹೊತ್ತು ಪಡೆದ ಮಗುವಿಗೆ ಹರಕೆಯ ನೆನಪಾಗಿ ಹೆಸರಿಡುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಹನ್ನಳು ಹೆಸರಿಟ್ಟು ಸುಮ್ಮನಾಗಲಿಲ್ಲ. ಮೊಲೆ ಬಿಡಿಸಿದ ಮೇಲೆ ಮಗುವನ್ನೇ ದೇವಾಲಯಕ್ಕೆ ಒಪ್ಪಿಸಿದಳು. ವರ್ಷವರ್ಷವೂ ಚಿಕ್ಕ ನಿಲುವಂಗಿಯೊಂದನ್ನು ಹೊಲಿದು ಒಯ್ಯುವುದಷ್ಟೇ ಆಕೆಯ ಪಾಲಿಗೆ ಉಳಿಯಿತು.

ದೀಕ್ಷಾಸ್ನಾನದ ದಿನ ಈ ಹೆಸರನ್ನು ಉಚ್ಚರಿಸುವ ತಂದೆತಾಯಿಗಳು ಇದನ್ನು ನೆನೆಯಬೇಕು. ಕೇಳಿ ಪಡೆದದ್ದು ಪೂರ್ಣವಾಗಿ ನಮ್ಮದಲ್ಲ. ಮಕ್ಕಳ ಮೇಲೆ ನಮ್ಮ ಆಸೆಗಳನ್ನು ಹೊರಿಸುವ ಮುನ್ನ, ಅವರು ಯಾವ ಕರೆಯನ್ನು ಕೇಳುತ್ತಿದ್ದಾರೆಂದು ನಾವೂ ಒಮ್ಮೆ ಕಿವಿಗೊಟ್ಟು ಕೇಳೋಣ.