ಅಚ್ರೇಕರ್ ಸರ್ ಸ್ಕೂಟರ್

ರಮಾಕಾಂತ್ ಅಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ, 1960ರ ದಶಕದಲ್ಲಿ, ಸ್ಟೇಟ್ ಬ್ಯಾಂಕ್ ತಂಡಕ್ಕೆ. ಆಟಗಾರನಾಗಿ ಅವರ ಕಥೆ ಅಲ್ಲಿಗೆ ಮುಗೀತು. ಆದರೆ ಮುಂಬೈನ ಶಿವಾಜಿ ಪಾರ್ಕಿನಲ್ಲಿ ಅವರ ಕೈಕೆಳಗೆ ಕಲಿತವರನ್ನು ನೋಡಿ: ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ, ಪ್ರವೀಣ್ ಆಮ್ರೆ, ಚಂದ್ರಕಾಂತ್ ಪಂಡಿತ್, ಅಜಿತ್ ಅಗರ್ಕರ್.

ಅಚ್ರೇಕರ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಆ ಕಪಾಳಮೋಕ್ಷ. ಹುಡುಗ ಸಚಿನ್ ತನ್ನ ಮ್ಯಾಚಿಗೆ ಚಕ್ಕರ್ ಹೊಡೆದು, ತನ್ನ ಶಾಲೆಯ ಸೀನಿಯರ್‌ಗಳ ಆಟಕ್ಕೆ ಚಪ್ಪಾಳೆ ತಟ್ಟೋಕೆ ವಾಂಖೆಡೆಗೆ ಹೋಗಿದ್ದ. ಸರ್ ಕೈಗೆ ಸಿಕ್ಕಿಬಿದ್ದ, ಏಟೂ ಬಿತ್ತು. ಬೇರೆಯವರಿಗೆ ಚಪ್ಪಾಳೆ ತಟ್ಟಬೇಡ, ಜನ ನಿನಗೆ ತಟ್ಟೋ ಹಾಗೆ ಆಡು ಅಂದರಂತೆ. ಸಚಿನ್ ಇದನ್ನು ಪ್ರೀತಿಯಿಂದಲೇ ಹೇಳಿಕೊಂಡಿದ್ದಾರೆ. ನನಗೆ ಮಾತ್ರ ಈ ಕಥೆಯನ್ನು ಸಂಭ್ರಮಿಸೋಕೆ ಆಗಲ್ಲ. ಏಟು ತಿಂದವನು ಸಚಿನ್ ಆದ, ಅದಕ್ಕೇ ಏಟಿಗೂ ಕೀರ್ತಿ ಬಂತು. ಎಲ್ಲೋ ಯಾರದೋ ಕೈಲಿ ಏಟು ತಿಂದು ಬ್ಯಾಟ್ ಬಿಟ್ಟ ಹುಡುಗರ ಮಾತನ್ನು ಯಾರು ಬರೆದಿಟ್ಟಿದ್ದಾರೆ? ಇವತ್ತು ಹೀಗಾದರೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪ್ ಹೊತ್ತಿ ಉರಿಯುತ್ತೆ. ಉರೀಲೂಬೇಕು.

ನನ್ನ ಮಟ್ಟಿಗೆ ಏಟಿಗಿಂತ ದೊಡ್ಡ ವಿಷಯ ಆ ಸ್ಕೂಟರ್. ಹುಡುಗನನ್ನು ಹಿಂದೆ ಕೂರಿಸಿಕೊಂಡು ಒಂದೇ ದಿನ ಶಿವಾಜಿ ಪಾರ್ಕಿನಲ್ಲೊಂದು, ಆಜಾದ್ ಮೈದಾನದಲ್ಲೊಂದು ಮ್ಯಾಚ್ ಆಡಿಸುತ್ತಿದ್ದರು. ಸಂಜೆ ಸುಸ್ತಾದ ಹೊತ್ತಿಗೆ ಸ್ಟಂಪ್ ಮೇಲೆ ಒಂದು ರೂಪಾಯಿ ನಾಣ್ಯ. ಔಟ್ ಮಾಡಿದವನಿಗೆ ನಾಣ್ಯ, ಯಾರೂ ಔಟ್ ಮಾಡದಿದ್ದರೆ ಅದು ಸಚಿನ್‌ಗೆ. ಹಾಗೆ ಗೆದ್ದ 13 ನಾಣ್ಯಗಳನ್ನು ಅವರು ಜೋಪಾನ ಮಾಡಿಟ್ಟುಕೊಂಡಿದ್ದಾರೆ. ಒಂದು ಮಗುವಿಗೆ ಇಷ್ಟು ಸಮಯ ಕೊಡುವ ದೊಡ್ಡವರು ಎಷ್ಟು ಜನ ಸಿಗ್ತಾರೆ? ಹೊಗಳಿಕೆಯಲ್ಲಿ ಮಾತ್ರ ಕಡು ಜಿಪುಣ. 2013ರ ವಿದಾಯ ಭಾಷಣದಲ್ಲೂ ಸಚಿನ್, ಸರ್ ಒಮ್ಮೆಯೂ ಚೆನ್ನಾಗಿ ಆಡಿದೆ ಅಂದಿಲ್ಲ ಅಂತ ನೆನೆದಿದ್ದರು.

ಅಷ್ಟಾದರೂ ಕೋಚ್ ಕೈಯಲ್ಲಿ ಎಲ್ಲವೂ ಇರಲ್ಲ. 1988ರ ಫೆಬ್ರವರಿಯಲ್ಲಿ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್. ಸರ್ ಮೈದಾನದಲ್ಲಿರಲಿಲ್ಲ. ಡಿಕ್ಲೇರ್ ಮಾಡಿ ಅಂತ ಸಹಾಯಕ ಕೋಚ್ ಕೈಬೀಸುತ್ತಿದ್ದರೂ ಕಾಣದವರಂತೆ ಸಚಿನ್, ಕಾಂಬ್ಳಿ ಆಡುತ್ತಲೇ ಹೋದರು. ಜೊತೆಯಾಟ 664. ಸಚಿನ್ 326, ಕಾಂಬ್ಳಿ 349, ಇಬ್ಬರೂ ನಾಟೌಟ್. ಗುರು ಒಬ್ಬರೇ, ಮೈದಾನ ಒಂದೇ, ಆ ದಿನ ಹೆಚ್ಚು ರನ್ ಕಾಂಬ್ಳಿಯದ್ದು. ಮುಂದೆ ಒಬ್ಬರು 200 ಟೆಸ್ಟ್ ಆಡಿದರು, ಇನ್ನೊಬ್ಬರು 17.

ಅಚ್ರೇಕರ್ 2019ರ ಜನವರಿಯಲ್ಲಿ ತೀರಿಕೊಂಡರು. ಅವರ ಶಿಷ್ಯ ಚಂದ್ರಕಾಂತ್ ಪಂಡಿತ್ ಕೂಡ ಕೋಚ್ ಆದರು, ಶಿಸ್ತಿಗೆ ಹೆಸರಾದವರು. 1999ರಲ್ಲಿ ಮಧ್ಯಪ್ರದೇಶದ ನಾಯಕನಾಗಿ ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ ಕರ್ನಾಟಕದ ವಿರುದ್ಧ ರಣಜಿ ಫೈನಲ್ ಸೋತಿದ್ದರು. 23 ವರ್ಷದ ಮೇಲೆ, 2022ರ ಜೂನ್‌ನಲ್ಲಿ, ಅದೇ ಚಿನ್ನಸ್ವಾಮಿಯಲ್ಲಿ ಅವರ ಹುಡುಗರು ಮುಂಬೈಯನ್ನೇ ಸೋಲಿಸಿ ಕಪ್ ಎತ್ತಿದರು. ಆ ಕಟ್ಟುನಿಟ್ಟಿನ ಕೋಚ್ ಅವತ್ತು ಎಲ್ಲರೆದುರೇ ಅತ್ತುಬಿಟ್ಟರು.