ಇಬ್ಬರಿಗೂ 12 ಪಣ: ರಿಟರ್ನ್ ಪಾಲಿಸಿಯ ಹಳೇ ಕಥೆ

(1/4)
ಮೊದಲು ತಪ್ಪೊಪ್ಪಿಗೆ. ಪಿಯುಸಿಯಲ್ಲಿದ್ದಾಗ ನನ್ನ ಹೊಸ ಇಯರ್‌ಫೋನ್ ಬಕೆಟ್ ನೀರಿಗೆ ಬಿತ್ತು. ಒಂದು ಕಡೆ ಕೇಳಿಸೋದೇ ನಿಂತುಹೋಯ್ತು. ಒರೆಸಿ, ಒಣಗಿಸಿ, ಡಬ್ಬಿಗೆ ಹಾಕಿ ಅಂಗಡಿಗೆ ಒಯ್ದೆ. "ಅಣ್ಣಾ, ತಗೊಂಡಾಗಿಂದ ಹಿಂಗೇ ಇದೆ" ಅಂದೆ. ಅಣ್ಣ ಒಂದು ಮಾತೂ ಕೇಳದೆ ಬೇರೆ ಪೀಸ್ ಕೊಟ್ರು. ಹೊರಗೆ ಬಂದು ಫ್ರೆಂಡ್ಸ್ ಹತ್ರ ಜಂಬ ಕೊಚ್ಚಿಕೊಂಡೆ.

ಈ ಸೆಮ್‌ನಲ್ಲಿ ಬಿಸಿನೆಸ್ ಲಾ ಓದ್ತಾ ಇದೇ ವಿಷಯದ ಇತಿಹಾಸ ಹುಡುಕಿದೆ. ಜಂಬ ಇಳಿದುಹೋಯ್ತು.

(2/4)
ಕೌಟಿಲ್ಯನ ಅರ್ಥಶಾಸ್ತ್ರ ಗೊತ್ತಲ್ವಾ? ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥವನ್ನ 1905ರಲ್ಲಿ ಗುರುತಿಸಿದವರು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚು ಮಾಡಿಸಿದ್ರು.

ಅದರ ಮೂರನೇ ಅಧಿಕರಣದಲ್ಲಿ ಮಾರಿದ್ದು, ಕೊಂಡಿದ್ದು ರದ್ದು ಮಾಡೋದರ ಬಗ್ಗೆಯೇ ಒಂದು ಭಾಗ ಇದೆ. ಅದಕ್ಕೆ ಬಳಸಿರೋ ಪದ 'ಅನುಶಯ'. ಅಂದ್ರೆ ಪಶ್ಚಾತ್ತಾಪ! ಮನಸ್ಸು ಬದಲಾಯಿಸೋಕೆ ವ್ಯಾಪಾರಿಗೆ 1 ರಾತ್ರಿ, ರೈತನಿಗೆ 3, ದನ ಕಾಯುವವನಿಗೆ 5.

ಮಾರಿ ಮಾಲು ಕೊಡದವನಿಗೆ 12 ಪಣ ದಂಡ. ಕೊಂಡು ಮಾಲು ತಗೊಳ್ಳದವನಿಗೂ ಅದೇ 12 ಪಣ. ಮಾಲಿನಲ್ಲಿ ದೋಷ ಇದ್ರೆ, ರಾಜ, ಕಳ್ಳ, ಬೆಂಕಿ, ನೀರಿನಿಂದ ತೊಂದರೆಯಾದ್ರೆ, ಕಷ್ಟದಲ್ಲಿ ಸಿಕ್ಕಿಕೊಂಡು ಮಾಡಿದ ವ್ಯವಹಾರ ಆಗಿದ್ರೆ ಮಾತ್ರ ವಿನಾಯಿತಿ. ತಕ್ಕಡಿ ಎರಡೂ ಕಡೆ ಸಮ.

(3/4)
ಬ್ರಿಟಿಷರ ಕಾಲದ 1930ರ ಸರಕು ಮಾರಾಟ ಕಾಯ್ದೆಯಲ್ಲಿ ಮೂಲ ಮಾತು 'ಕೊಳ್ಳುವವನೇ ಎಚ್ಚರವಾಗಿರಬೇಕು'. ಕೆಲವು ವಿನಾಯಿತಿಗಳಿದ್ವು ಅಷ್ಟೆ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಈಗ ಇರೋದು 2019ರದ್ದು. ಅದರ ಪ್ರಕಾರ ಬಿಲ್‌ನಲ್ಲಿ ಅವಧಿ ಬರೆದಿಲ್ಲ ಅಂದ್ರೆ, 30 ದಿನದೊಳಗೆ ದೋಷ ಇರೋ ಮಾಲನ್ನ ವಾಪಸ್ ತಗೊಳ್ಳಲ್ಲ ಅನ್ನೋದು ಅನುಚಿತ ವ್ಯಾಪಾರ ಪದ್ಧತಿ.

ಹಳೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇತ್ತು: ಹುರುಳಿಲ್ಲದ ದೂರು ಕೊಟ್ಟವರಿಗೆ 10,000 ರೂಪಾಯಿವರೆಗೆ ಖರ್ಚು ಕಟ್ಟಿಸಬಹುದಿತ್ತು. ಮತ್ತೆ ಅದೇ ತಕ್ಕಡಿ.

(4/4)
ನಮ್ಮ ಲೆಕ್ಕದ ಪುಸ್ತಕದಲ್ಲಿ 'ಸೇಲ್ಸ್ ರಿಟರ್ನ್ಸ್' ಒಂದೇ ಸಾಲು. ಅಂಗಡಿಯವರಿಗೆ ಅದು ಅಲ್ಲಿಗೆ ಮುಗಿಯಲ್ಲ. ಪೀಸ್ ಡಿಸ್ಟ್ರಿಬ್ಯೂಟರ್ ಹತ್ರ ಹೋಗಬೇಕು. 'ನೀರು ಬಿದ್ದಿದೆ' ಅಂತ ಅವರು ವಾಪಸ್ ಕಳಿಸಿದ್ರೆ ನಷ್ಟ ಪೂರ್ತಿ ಅಂಗಡಿಯವರ ತಲೆಗೆ.

ಹೋದ ತಿಂಗಳು ಅಮ್ಮ ಅದೇ ಅಂಗಡಿಯಲ್ಲಿ ಚಾರ್ಜರ್ ತಗೊಂಡ್ರು. ನಿಜವಾಗ್ಲೂ ಕೆಟ್ಟ ಪೀಸು. ಜೊತೆಗೆ ನಾನೂ ಹೋದೆ. 'ರಿಟರ್ನ್ ಇಲ್ಲ' ಅಂತ ಹೊಸ ಬೋರ್ಡ್ ಇತ್ತು.
"ಎರಡೇ ದಿನ ಆಗಿರೋದು ಕಣಪ್ಪಾ, ನಾನ್ಯಾಕೆ ಸುಳ್ಳು ಹೇಳ್ಲಿ?"
"ಎಲ್ಲರೂ ಹಿಂಗೇ ಅಂತಾರಮ್ಮ."

ಕಾನೂನು ಅಮ್ಮನ ಕಡೆಗಿತ್ತು. ಆದ್ರೆ ಆ 'ಎಲ್ಲರೂ' ಅನ್ನೋದರಲ್ಲಿ ನಾನಿದ್ದೆ. ನನ್ನ ದಂಡ ಅಮ್ಮ ಕಟ್ಟಿದ್ರು.

ನಿನ್ನೆ ಹೋಗಿ ಇಯರ್‌ಫೋನ್ ದುಡ್ಡು ಕೊಟ್ಟು ನಿಜ ಹೇಳಿದೆ. ಅಣ್ಣ ಬೈಲಿಲ್ಲ, ನಗಲೂ ಇಲ್ಲ. ಎಣಿಸಿ ಡ್ರಾಯರ್‌ಗೆ ಹಾಕಿಕೊಂಡ್ರು. ಬೋರ್ಡ್ ಇನ್ನೂ ಹಂಗೇ ಇದೆ.

ನೀವು ಯಾವತ್ತಾದ್ರೂ ಹಿಂಗೆ ಮಾಡಿದ್ದೀರಾ? ಕಾಮೆಂಟ್‌ನಲ್ಲಿ ಹೇಳೋಕೆ ನಾಚಿಕೆ ಆದ್ರೆ ಬೇಡ. ಅಂಗಡಿಗೇ ಹೋಗಿ ಹೇಳಿ.

#ಬಿಕಾಂಇತಿಹಾಸ #ಅರ್ಥಶಾಸ್ತ್ರ #ಗ್ರಾಹಕರಹಕ್ಕು